ರಾತ್ರಿಯ ಆಟ ಡಿಸ್ಕಿಗೆ: ಮೊಬೈಲ್ ವಿಡಿಯೊವನ್ನು ಮನೆಯ ಡಿವಿಡಿ ಪ್ಲೇಯರ್‌ಗೆ ಒಗ್ಗಿಸುವ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಊರುಗಳಲ್ಲಿ, ಘಟ್ಟ ಇಳಿದರೆ ಹೊನ್ನಾವರ, ಕುಮಟಾ, ಅಂಕೋಲಾದ ಕಡೆಯಲ್ಲೂ, ಟಿವಿ ಕೆಳಗಿನ ಗೂಡಿನಲ್ಲಿ ಡಿವಿಡಿ ಪ್ಲೇಯರ್ ಇನ್ನೂ ಕೂತಿದೆ. ಯೂಟ್ಯೂಬಿನಲ್ಲಿ ಬೇಕಾದಷ್ಟು ಯಕ್ಷಗಾನ ಇದೆ, ಹೌದು. ಆದರೆ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ಅಂಗಳ ದಾಟಿ ಗುಡ್ಡ ಹತ್ತಬೇಕು. ಅಜ್ಜನಿಗೆ ರಿಮೋಟಿನ ಪ್ಲೇ ಗುಂಡಿ ಗೊತ್ತು, ಅಷ್ಟು ಸಾಕು. ಹಾಗಾಗಿ ಊರಿನ ದೇವಸ್ಥಾನದಲ್ಲಿ ಹರಕೆ ಆಟ (ಹರಕೆಯ ಯಕ್ಷಗಾನ ಪ್ರದರ್ಶನ) ಮುಗಿದ ಮರುದಿನವೇ "ಅದನ್ನು ಒಂದು ಸಿಡಿ ಮಾಡಿಕೊಡು ಮಾರಾಯ" ಎಂಬ ಫೋನ್ ಬರುವುದು ತಪ್ಪಿಲ್ಲ.

ಮೊಬೈಲಿನ ಕಡತವನ್ನು ಹಾಗೇ ಡಿಸ್ಕಿಗೆ ನಕಲು ಮಾಡಿಕೊಟ್ಟರೆ ಎರಡನೇ ಫೋನೂ ಬರುತ್ತದೆ: "ತಮಾ, ಎಂತದೂ ಬರ್ತಿಲ್ಲೆ!" ಡಿವಿಡಿ ಪ್ಲೇಯರ್ ಕಂಪ್ಯೂಟರ್ ಅಲ್ಲ. 1996ರಲ್ಲಿ ಮಾರುಕಟ್ಟೆಗೆ ಬಂದ ಒಂದು ನಿಯಮಾವಳಿಯನ್ನು ಅದು ಅಕ್ಷರಶಃ ಪಾಲಿಸುತ್ತದೆ, ಅದರಾಚೆಗಿನದು ಅದಕ್ಕೆ ಬೇಡ. ಆದ್ದರಿಂದ ಈ ಕೆಲಸದಲ್ಲಿ ನಾನು ಇಟ್ಟುಕೊಂಡಿರುವ ಸೂತ್ರ ಒಂದೇ. ಡಿಸ್ಕ್ ಹೋಗುವ ಮನೆಗಳಲ್ಲೆಲ್ಲ ಅತ್ಯಂತ ಹಳೆಯ, ಅತ್ಯಂತ ಹಟಮಾರಿ ಪ್ಲೇಯರ್ ಯಾವುದೋ ಅದಕ್ಕಾಗಿ ಮಾಡಬೇಕು. ಉಳಿದವು ತಾವಾಗಿ ಓಡುತ್ತವೆ.

ಪ್ಲೇಯರ್ ಕೇಳುವುದೇನು

ನಮ್ಮ ದೇಶದ ಹಳೆಯ ಟಿವಿ ಪದ್ಧತಿ ಪಾಲ್. ಪಾಲ್ ಡಿವಿಡಿಗೆ ವಿಡಿಯೊ ಎಂಪೆಗ್-2 ರೂಪದಲ್ಲಿರಬೇಕು, ಅಳತೆ 720×576, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ). ವಿಡಿಯೊದ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿಗೆ ಖರ್ಚಾಗುವ ಮಾಹಿತಿಯ ಪ್ರಮಾಣ, ಯಾವ ಕ್ಷಣದಲ್ಲೂ 9.8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಮೀರಬಾರದು. ಧ್ವನಿ ಎಲ್ಲ ಸೇರಿ 10.08. ಧ್ವನಿ 48 ಕಿಲೊಹರ್ಟ್ಸ್‌ನಲ್ಲಿರಬೇಕು. ಹಾಡಿನ ಸಿಡಿಯ 44.1 ಇಲ್ಲಿ ನಡೆಯುವುದಿಲ್ಲ. ಎಸಿ-3, ಎಂಪಿ2 ಅಥವಾ ಪಿಸಿಎಂ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಮೊಬೈಲ್ ಕೊಡುವ ಎಎಸಿ ಧ್ವನಿ ಪ್ಲೇಯರ್‌ಗೆ ಅರ್ಥವಾಗದು.

ಎಂಪೆಗ್-2 ಒಂದು ಫ್ರೇಮನ್ನು ಪೂರ್ತಿ ಇಟ್ಟುಕೊಂಡು, ಮುಂದಿನ ಫ್ರೇಮುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತದೆ. ಪಾಲ್ ಡಿವಿಡಿಯಲ್ಲಿ ಇಂಥ ಒಂದು ಗುಂಪಿನಲ್ಲಿ ಗರಿಷ್ಠ 15 ಫ್ರೇಮ್. ಮದುವೆ ಮಂಟಪದಲ್ಲಿ ಕೂತವರ ದೃಶ್ಯಕ್ಕೆ ಇದು ಧಾರಾಳ. ಯಕ್ಷಗಾನದಲ್ಲಿ ಕಷ್ಟ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ಮಿಣುಗು ಪ್ರತಿ ಫ್ರೇಮಿಗೂ ಬೇರೆ. ವೇಷಧಾರಿ ಮಂಡಿ ಹಾಕಿ ಗಿರಗಿರನೆ ಸುತ್ತುವಾಗ ಹಿಂದಿನ ಫ್ರೇಮಿನಿಂದ ಎರವಲು ಪಡೆಯಲು ಏನೂ ಉಳಿದಿರುವುದಿಲ್ಲ. ಬಿಟ್ ಕಡಿಮೆ ಬಿದ್ದರೆ ಆ ಜಾಗದಲ್ಲೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಆಟದಲ್ಲಿ ಜನ ಕಾಯುವುದೂ ಅದೇ ಜಾಗಕ್ಕೆ.

ಚಿತ್ರೀಕರಣದ ಹೊತ್ತಿಗೇ ಮಾಡಬೇಕಾದ್ದು

ಮೊಬೈಲ್ ಅಡ್ಡ ಹಿಡಿಯಿರಿ, ಅನುಪಾತ 16:9 ಇಡಿ. ಎಚ್‌ಡಿಆರ್ (ಬೆಳಕು-ಬಣ್ಣದ ಹರವು ಹೆಚ್ಚಿಸುವ ಆಯ್ಕೆ) ಆಫ್ ಮಾಡಿ, ಅದರಲ್ಲಿ ತೆಗೆದದ್ದನ್ನು ಡಿವಿಡಿಗೆ ಇಳಿಸಿದರೆ ಬಣ್ಣ ತೊಳೆದಂತೆ ಪೇಲವವಾಗುತ್ತದೆ, ಕೆಂಪು ಪಟ್ಟೆಯೇ ಗುರುತು ಸಿಗುವುದಿಲ್ಲ.

ಕ್ಯಾಮೆರಾ ಆಪ್‌ನ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಅಥವಾ 50 ಫ್ರೇಮ್ ಆರಿಸುವ ಅವಕಾಶ ಇದ್ದರೆ ಅದನ್ನೇ ಆರಿಸಿ. ಕಾರಣ ಎರಡು. ಒಂದು, ಡಿಸ್ಕಿನ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ಇನ್ನೊಂದು, ನಮ್ಮ ಕರೆಂಟು 50 ಹರ್ಟ್ಸ್. ರಂಗಸ್ಥಳದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಆ ಲಯಕ್ಕೆ ತಕ್ಕಂತೆ ಮಿನುಗುತ್ತವೆ. 30 ಫ್ರೇಮಿನಲ್ಲಿ ತೆಗೆದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲಿಹೋಗುವುದು ಇದರಿಂದಲೇ. ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ.

ಚೌಕಟ್ಟನ್ನು ತೀರ ಬಿಗಿಯಾಗಿ ಕಟ್ಟಬೇಡಿ. ಹಳೆಯ ಡಬ್ಬಿ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಒಂದಿಷ್ಟು ನುಂಗುತ್ತವೆ. ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಚಂಡೆಯವರು ಮಾವನ ಮನೆಯ ಟಿವಿಯಲ್ಲಿ ಅರ್ಧಕ್ಕೇ ಕತ್ತರಿಸಿ ಹೋಗಿರುತ್ತಾರೆ. ಪ್ರತಿ ಬದಿಯಲ್ಲೂ ಐದು ಶೇಕಡಾದಷ್ಟು ಖಾಲಿ ಬಿಡಿ. ಪ್ರಸಂಗದ ಹೆಸರು ಬರೆದು ಸೇರಿಸುವುದಾದರೆ ಅದನ್ನು ಇನ್ನೂ ಒಳಗೆ ತನ್ನಿ.

ಧ್ವನಿಯ ಮಾತು. ಮೊಬೈಲು ಧ್ವನಿಯನ್ನು ತಾನೇ ಏರಿಸಿ ಇಳಿಸಿ ಮಾಡುತ್ತದೆ. ಚಂಡೆಗೆ ಒಂದು ಪೆಟ್ಟು ಬಿದ್ದೊಡನೆ ಭಾಗವತರ ದನಿ ಕುಗ್ಗಿ ಮತ್ತೆ ನಿಧಾನಕ್ಕೆ ಮೇಲೇಳುತ್ತದೆ. ಇದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿ ಸರಿಮಾಡಲಾರದು. ಮೇಳದ ಧ್ವನಿವರ್ಧಕದವರನ್ನು ಕೇಳಿ, ಒಪ್ಪಿದರೆ ಅವರ ಮಿಕ್ಸರ್‌ನಿಂದ ಒಂದು ಚಿಕ್ಕ ರೆಕಾರ್ಡರಿಗೆ ತಂತಿ ಎಳೆಯಿರಿ. ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಎರಡನ್ನೂ ಹೊಂದಿಸಲು ಅದೇ ಗುರುತು.

ಹೆಜ್ಜೆ 1: ತುಂಡುಗಳನ್ನು ಸೇರಿಸಿ, ಫ್ರೇಮ್ ಓಟವನ್ನು ಸ್ಥಿರಗೊಳಿಸಿ

ಅನೇಕ ಮೊಬೈಲುಗಳು ಉದ್ದ ವಿಡಿಯೊವನ್ನು 4 ಜಿಬಿಗೊಮ್ಮೆ ತುಂಡು ಮಾಡುತ್ತವೆ. ಅವಿಡೆಮಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಮೊದಲ ತುಂಡು ತೆರೆದು, ಉಳಿದವನ್ನು ಅದರ ಹಿಂದೆ ಜೋಡಿಸಿ, ವಿಡಿಯೊ ಧ್ವನಿ ಎರಡನ್ನೂ "ಕಾಪಿ" ಎಂದೇ ಬಿಟ್ಟು ಉಳಿಸಿ. ಗುಣಮಟ್ಟಕ್ಕೆ ಏನೂ ಆಗುವುದಿಲ್ಲ.

ಮುಂದಿನದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ, ಆಮೇಲೆ ಮಾತು ತುಟಿಗೆ ಹೊಂದುತ್ತಿಲ್ಲ ಎಂದು ಗೋಳಾಡುತ್ತಾರೆ. ಮೊಬೈಲಿನ 30 ಫ್ರೇಮ್ ಎಂಬುದು ನಿಜವಾಗಿ 30 ಅಲ್ಲ. ಬೆಳಕು ಕಡಿಮೆಯಾದಾಗ ಅದು ತಾನೇ ಇಳಿದು, ಮತ್ತೆ ಏರುತ್ತದೆ. ಡಿವಿಡಿಯಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ಓಟ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಗಂಟೆ ಕಳೆದಂತೆ ಧ್ವನಿ ಜಾರುತ್ತ ಹೋಗಿ, ಹೆಜ್ಜೆ ಬಿದ್ದ ಮೇಲೆ ಗೆಜ್ಜೆಯ ಸದ್ದು ಬರುತ್ತದೆ.

ಇದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಬಳಸಿ. ವಿಡಿಯೊ ವಿಭಾಗದಲ್ಲಿ ಫ್ರೇಮ್‌ರೇಟ್ ಪಕ್ಕದಲ್ಲಿ "ಕಾನ್‌ಸ್ಟೆಂಟ್" ಆರಿಸಿ. ಕೋಡೆಕ್ (ವಿಡಿಯೊವನ್ನು ಒತ್ತಿ ಕುಗ್ಗಿಸುವ ವಿಧಾನ) ಎಚ್.264, ಗುಣಮಟ್ಟದ ಆರ್‌ಎಫ್ ಅಂಕಿ (ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು) 16ರಿಂದ 18ರ ಒಳಗೆ. ಇದು ನಡುವಿನ ನಿಲ್ದಾಣ ಅಷ್ಟೆ, ಇಲ್ಲಿ ಜಾಗ ಉಳಿಸಲು ಹೋಗಬೇಡಿ. ಹ್ಯಾಂಡ್‌ಬ್ರೇಕ್ ಡಿವಿಡಿ ಮಾಡುತ್ತದೆ ಎಂದು ನಂಬಿದವರಿದ್ದಾರೆ. ಅದು ಡಿವಿಡಿಯನ್ನು ಓದಬಲ್ಲದು, ಮಾಡಲಾರದು.

ಫ್ರೇಮ್‌ರೇಟಿನ ಅಂಕಿ ಎಷ್ಟು ಕೊಡಬೇಕು? 25 ಅಥವಾ 50ರಲ್ಲಿ ತೆಗೆದಿದ್ದರೆ 25 ಕೊಡಿ. 30ರಲ್ಲಿ ತೆಗೆದಿದ್ದರೆ ಸ್ವಲ್ಪ ಯೋಚನೆ ಬೇಕು. 30ನ್ನು 25ಕ್ಕೆ ಇಳಿಸುವುದೆಂದರೆ ಆರು ಫ್ರೇಮಿಗೊಂದನ್ನು ಬಿಸಾಡುವುದು. ಸೆಕೆಂಡಿಗೆ ಐದು ಸಲ ಸಣ್ಣಗೆ ಎಡವಿದಂತೆ ಕಾಣುತ್ತದೆ. ಅರ್ಥಗಾರಿಕೆಯಲ್ಲಿ ಗೊತ್ತಾಗುವುದಿಲ್ಲ, ಕುಣಿತದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇಂಥ ವಿಡಿಯೊಗೆ ನಾನು 29.97 ಕೊಟ್ಟು, ಡಿಸ್ಕನ್ನೇ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಮಾಡಿಬಿಡುತ್ತೇನೆ. ಅಳತೆ 720×480. ನಮ್ಮಲ್ಲಿ ಮಾರಾಟವಾದ ಪ್ಲೇಯರ್‌ಗಳಲ್ಲಿ ಬಹುಪಾಲು ಎರಡೂ ಪದ್ಧತಿ ಓಡಿಸುತ್ತವೆ, ಈಗಿನ ಎಲ್‌ಸಿಡಿ ಟಿವಿಗಳಿಗೂ ತಕರಾರಿಲ್ಲ. ತೀರ ಹಳೆಯ ಡಬ್ಬಿ ಟಿವಿಯಲ್ಲಿ ಮಾತ್ರ ಬಣ್ಣ ಮಾಯವಾಗಬಹುದು ಅಥವಾ ಚಿತ್ರ ಉರುಳಬಹುದು. ಡಿಸ್ಕ್ ಅಂಥ ಮನೆಗೆ ಹೋಗುತ್ತದೆಂದು ಗೊತ್ತಿದ್ದರೆ ಎಡವಿದರೂ ಪರವಾಗಿಲ್ಲ, ಪಾಲ್ ಇರಲಿ.

ಸ್ಟುಡಿಯೊದವರ ಕ್ಯಾಮೆರಾದಿಂದ ಬಂದ ಕಡತವಾದರೆ ಅದು ಇಂಟರ್‌ಲೇಸ್ ಆಗಿರುವ ಸಾಧ್ಯತೆ ಹೆಚ್ಚು, ಅಂದರೆ ಸೆಕೆಂಡಿಗೆ 50 ಅರೆ-ಚಿತ್ರಗಳು. ಕೈ ಬೀಸಿದ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಅದೇ. 1080 ಗೆರೆಯ ಇಂಥ ವಿಡಿಯೊವನ್ನು ಸುಮ್ಮನೆ ಕುಗ್ಗಿಸಿದರೆ ಅರೆ-ಚಿತ್ರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಸುಲಭದ ದಾರಿ ಎಂದರೆ ಹ್ಯಾಂಡ್‌ಬ್ರೇಕಿನ ಫಿಲ್ಟರ್ ವಿಭಾಗದಲ್ಲಿ ಡಿಇಂಟರ್‌ಲೇಸ್ ಹಾಕುವುದು. ಚಲನೆಯ ನುಣುಪು ಸ್ವಲ್ಪ ಹೋಗುತ್ತದೆ. ಅದು ಬೇಡ ಎಂದರೆ ಸ್ಟುಡಿಯೊದವರ ಹತ್ತಿರವೇ ಅವರ ಎಡಿಟಿಂಗ್ ತಂತ್ರಾಂಶದಿಂದ ಪಾಲ್ ಎಂಪೆಗ್-2 ಡಿವಿಡಿ ರೂಪದಲ್ಲೇ ತೆಗೆಸಿಕೊಳ್ಳಿ. ಹಳೆಯ ಮಿನಿಡಿವಿ ಟೇಪಿನಿಂದ ಇಳಿಸಿದ್ದಾದರೆ ಅದರ ಅಳತೆ ಮೊದಲೇ 720×576. ಅದನ್ನು ಹ್ಯಾಂಡ್‌ಬ್ರೇಕಿಗೆ ಕೊಡಲೇಬೇಡಿ. ಇಂಟರ್‌ಲೇಸ್ ಹಾಗೇ ಉಳಿಸಿಕೊಂಡು, ಮುಂದಿನ ಹೆಜ್ಜೆಗೆ ಹೋಗಿ, ಹೆಜ್ಜೆ 3ರಲ್ಲಿ ಕೆಳಗಿನ ಗೆರೆ ಮೊದಲು ಎಂದು ಗುರುತು ಹಾಕಿ. ಗುರುತು ತಪ್ಪಿದರೆ ನಡೆಯುವವರು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಿರುವಂತೆ ಚಿತ್ರ ನಡುಗುತ್ತದೆ.

ಕತ್ತಲಲ್ಲಿ ತೆಗೆದ ವಿಡಿಯೊದ ಹಿನ್ನೆಲೆಯಲ್ಲಿ ಇರುವೆ ಮುತ್ತಿದಂತೆ ಚುಕ್ಕಿಗಳು ಕುದಿಯುತ್ತಿರುತ್ತವೆ. ಎಂಪೆಗ್-2 ಆ ಚುಕ್ಕಿಗಳನ್ನೂ ಚಲನೆ ಎಂದೇ ತಿಳಿದು ಬಿಟ್‌ಗಳನ್ನೆಲ್ಲ ಅವಕ್ಕೆ ಸುರಿಯುತ್ತದೆ, ವೇಷಕ್ಕೆ ಉಳಿಯುವುದು ಕಡಿಮೆ. ಅದೇ ಫಿಲ್ಟರ್ ವಿಭಾಗದಲ್ಲಿ ಡಿನಾಯ್ಸ್ ಹಗುರಾಗಿ ಹಾಕಿ. ಜಾಸ್ತಿ ಹಾಕಿದರೆ ಮುಖವರ್ಣಿಕೆಯ ಗೆರೆಗಳೂ ಅಳಿಸಿಹೋಗುತ್ತವೆ, ಬಣ್ಣದ ವೇಷ ಮೇಣದ ಬೊಂಬೆಯಾಗುತ್ತದೆ.

ಹೆಜ್ಜೆ 2: ಬಿಟ್‌ರೇಟಿನ ಲೆಕ್ಕ

ಒಂದು ಪದರದ ಡಿಸ್ಕಿನ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಕಂಪ್ಯೂಟರ್ ಅದನ್ನೇ 4.38 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದ್ದಲ್ಲ, ಒಬ್ಬರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಇನ್ನೊಬ್ಬರು 1024ರ ಲೆಕ್ಕದಲ್ಲಿ.

ಬಾಯಿಲೆಕ್ಕಕ್ಕೆ ಸುಲಭದ ದಾರಿ ಇದು: 600ನ್ನು ವಿಡಿಯೊದ ನಿಮಿಷಗಳಿಂದ ಭಾಗಿಸಿ. ಬಂದದ್ದು ಒಟ್ಟು ಎಂಬಿಪಿಎಸ್. ಅದರಲ್ಲಿ ಧ್ವನಿಗೆಂದು 0.2 ಕಳೆಯಿರಿ. ಎರಡು ಗಂಟೆಗೆ 600 ಭಾಗಿಸು 120, ಅಂದರೆ 5, ವಿಡಿಯೊಗೆ 4.8. ಎರಡೂವರೆ ಗಂಟೆಗೆ 3.8. ಮೂರು ಗಂಟೆ 20 ನಿಮಿಷಕ್ಕೆ 2.8. ಒಂದು ಗಂಟೆಯದಾದರೆ ಲೆಕ್ಕ 10ಕ್ಕೆ ಹೋಗುತ್ತದೆ, ಆದರೆ 8ಕ್ಕೇ ನಿಲ್ಲಿಸಿ. ನಿಯಮ 9.8 ಎನ್ನಬಹುದು. ಮನೆಯಲ್ಲಿ ಬರೆದ ಡಿಸ್ಕನ್ನು ಸವೆದ ಲೆನ್ಸಿನ ಪ್ಲೇಯರ್ ಅಷ್ಟು ವೇಗದಲ್ಲಿ ಓದುವಾಗ ತಡವರಿಸುತ್ತದೆ.

ಇನ್ನೊಂದು ಸೂಕ್ಷ್ಮ. ಡಿಸ್ಕ್ ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ ಬರೆಯಿಸಿಕೊಳ್ಳುತ್ತದೆ. ಹೊರ ಅಂಚಿನಲ್ಲಿ ತಪ್ಪು ಜಾಸ್ತಿ, ಬೆರಳು ತಾಗುವುದೂ ಅಲ್ಲೇ. ಪೂರ್ತಿ ತುಂಬಿದ ಡಿಸ್ಕು ಕೊನೆಯ ಹದಿನೈದು ನಿಮಿಷದಲ್ಲಿ, ಅಂದರೆ ಸರಿಯಾಗಿ ಯುದ್ಧದ ಪದಗಳ ಹೊತ್ತಿಗೆ, ಸಿಕ್ಕಿಹಾಕಿಕೊಳ್ಳುವುದು ಇದಕ್ಕೇ. ಹಳೆಯ ಪ್ಲೇಯರಿಗೆ ಮಾಡುವಾಗ 600ರ ಬದಲು 560 ಇಟ್ಟುಕೊಂಡರೆ ಅಂಚು ಖಾಲಿ ಉಳಿಯುತ್ತದೆ.

ಮೂರೂವರೆ ಗಂಟೆಯ ಕಾಲಮಿತಿ ಆಟವನ್ನು ಒಂದೇ ಡಿಸ್ಕಿಗೆ ತುರುಕಲು ಆಸೆಯಾಗುತ್ತದೆ. ಬೇಡ. ಎರಡು ಡಿಸ್ಕ್ ಮಾಡಿ. ಬೆಳಗಿನ ತನಕದ ಆಟಕ್ಕೆ ನಾಲ್ಕು. ತುಂಡು ಮಾಡುವಾಗ ಗಡಿಯಾರ ನೋಡಬೇಡಿ, ಪ್ರಸಂಗ ನೋಡಿ: ಒಂದು ಪಾತ್ರ ನಿರ್ಗಮಿಸಿ ಇನ್ನೊಂದರ ಒಡ್ಡೋಲಗ (ರಂಗಪ್ರವೇಶ) ಶುರುವಾಗುವ ಮೊದಲು ಕತ್ತರಿಸಿ. ಪದ್ಯದ ನಡುವೆ ಡಿಸ್ಕ್ ಬದಲಾಯಿಸಬೇಕಾಗಿ ಬಂದರೆ ಆಟ ನೋಡುವವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಒಂದೇ ಡಿಸ್ಕ್ ಬೇಕೆಂದು ಯಾರಾದರೂ ಹಟ ಹಿಡಿದರೆ, ಬಿಟ್‌ರೇಟ್ 2.5ರ ಕೆಳಗೆ ಹೋಗುವಾಗ ಅಳತೆಯನ್ನು 352×576ಕ್ಕೆ ಇಳಿಸಿ. ಅದೂ ಡಿವಿಡಿ ನಿಯಮದೊಳಗೇ ಇದೆ. ಚಿತ್ರ ಮೆತ್ತಗಾಗುತ್ತದೆ, ಆದರೆ ಚೌಕಚೌಕವಾಗಿ ಒಡೆಯುವುದು ತಪ್ಪುತ್ತದೆ.

ಹೆಜ್ಜೆ 3: ಡಿವಿಡಿ ಸ್ಟೈಲರ್‌ನಲ್ಲಿ ಕಟ್ಟುವುದು

ಡಿವಿಡಿ ಸ್ಟೈಲರ್ ಉಚಿತ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ಹೊಸ ಪ್ರಾಜೆಕ್ಟ್ ತೆರೆದಾಗ ಅದು ಕೇಳುವ ಪ್ರಶ್ನೆಗಳಿಗೆ ಉತ್ತರ: ಸಾಮರ್ಥ್ಯ 4.7 ಜಿಬಿ, ಪಾಲ್ ಅಥವಾ ಎನ್‌ಟಿಎಸ್‌ಸಿ, ಹಿಂದೆ ನಿರ್ಧರಿಸಿದಂತೆ, ಅನುಪಾತ 16:9, ಧ್ವನಿ ಎಸಿ-3, 48 ಕಿಲೊಹರ್ಟ್ಸ್. ಧ್ವನಿಯ ಬಿಟ್‌ರೇಟ್ 192 ಕೆಬಿಪಿಎಸ್ ಸಾಕು. ವಿಡಿಯೊ ಬಿಟ್‌ರೇಟನ್ನು "ಆಟೊ" ಎಂದು ಬಿಟ್ಟರೆ ಡಿಸ್ಕು ತುಂಬುವಂತೆ ಅದೇ ಲೆಕ್ಕ ಹಾಕುತ್ತದೆ. ಅಂಚು ಖಾಲಿ ಬಿಡಬೇಕೆಂದರೆ ನಿಮ್ಮ ಅಂಕಿಯನ್ನು ನೀವೇ ಕೊಡಿ.

ನಂತರ ಟೆಂಪ್ಲೇಟ್ ಕೇಳುತ್ತದೆ. ಹೂವು, ಹೃದಯ, ಮೋಡ ಎಲ್ಲ ಇವೆ. ವಯಸ್ಸಾದವರಿಗೆ ಮಾಡುವುದಾದರೆ ಯಾವುದನ್ನೂ ಆರಿಸಬೇಡಿ. ಮೆನು ಬಂದರೆ ಬಾಣದ ಗುಂಡಿ, ಓಕೆ ಗುಂಡಿ ಎಂದು ರಿಮೋಟಿನಲ್ಲಿ ಹುಡುಕಾಟ ಶುರು. ಮೆನು ಇಲ್ಲದ ಡಿಸ್ಕ್ ಒಳಗೆ ಹೋದ ಕೂಡಲೇ ತಾನಾಗಿ ಓಡುತ್ತದೆ.

ವಿಡಿಯೊ ಕಡತವನ್ನು ಕೆಳಗಿನ ಪಟ್ಟಿಗೆ ಎಳೆದು ಹಾಕಿ. ಅದರ ಮೇಲೆ ಬಲ ಗುಂಡಿ ಒತ್ತಿ ಪ್ರಾಪರ್ಟಿಸ್ ತೆರೆದರೆ ಅನುಪಾತ, ಇಂಟರ್‌ಲೇಸ್, ಅಧ್ಯಾಯ ಎಲ್ಲ ಅಲ್ಲೇ. ಅಧ್ಯಾಯಕ್ಕೆ ಸ್ವಲ್ಪ ಹೊತ್ತು ಕೊಡಿ. ಐದು ನಿಮಿಷಕ್ಕೊಂದರಂತೆ ಯಾಂತ್ರಿಕವಾಗಿ ಹಾಕಬಹುದು, ಆದರೆ ಪೂರ್ವರಂಗ ಮುಗಿದ ಜಾಗ, ಪ್ರತಿ ಪಾತ್ರದ ಪ್ರವೇಶ, ಯುದ್ಧದ ಶುರು, ಮಂಗಳ, ಇವುಗಳ ಸಮಯ ಬರೆದುಕೊಂಡು ಹಾಕಿದರೆ ನೋಡುವವರು ನೆಕ್ಸ್ಟ್ ಗುಂಡಿ ಒತ್ತಿ ನೇರವಾಗಿ ತಮ್ಮ ಮೆಚ್ಚಿನ ವೇಷಕ್ಕೆ ಹೋಗುತ್ತಾರೆ.

ಬರ್ನ್ ಗುಂಡಿ ಒತ್ತಿದಾಗ ನೇರವಾಗಿ ಡಿಸ್ಕಿಗೆ ಬರೆಯಬೇಡಿ, ಐಎಸ್ಒ ಕಡತ (ಇಡೀ ಡಿಸ್ಕಿನ ಪಡಿಯಚ್ಚು) ಮಾಡಿಸಿ. ಹಾರ್ಡ್‌ಡಿಸ್ಕಿನಲ್ಲಿ ಡಿಸ್ಕಿನ ಎರಡರಷ್ಟಾದರೂ ಜಾಗ ಖಾಲಿ ಇರಲಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆಯ ವಿಡಿಯೊ ಪರಿವರ್ತನೆಯಾಗಲು ಬಹಳ ಹೊತ್ತು ಬೇಕು. ರಾತ್ರಿ ಹಾಕಿ ಮಲಗುವುದು ಒಳ್ಳೆಯದು.

ಐಎಸ್ಒ ತಯಾರಾದ ಮೇಲೆ ವಿಎಲ್‌ಸಿಯಲ್ಲಿ ತೆರೆದು ಮೊದಲು, ನಡುವೆ, ಕೊನೆ ನೋಡಿ. ಧ್ವನಿ ಜಾರಿದೆಯೇ ಎಂದು ಕೊನೆಯಲ್ಲೇ ನೋಡಬೇಕು, ಚಂಡೆಯ ಕೋಲು ಬೀಳುವುದಕ್ಕೂ ಸದ್ದಿಗೂ ತಾಳೆ ಹಾಕಿ. ಆದರೆ ವಿಎಲ್‌ಸಿ ಏನು ಕೊಟ್ಟರೂ ಓಡಿಸುತ್ತದೆ. ಅದರಲ್ಲಿ ಓಡಿತು ಎಂದ ಮಾತ್ರಕ್ಕೆ ಪ್ಲೇಯರ್‌ನಲ್ಲಿ ಓಡುತ್ತದೆ ಎಂದು ಹೇಳುವಂತಿಲ್ಲ.

ಹೆಜ್ಜೆ 4: ಡಿಸ್ಕ್ ಮತ್ತು ಬರವಣಿಗೆ

ಡಿವಿಡಿ-ಆರ್ ಕೊಳ್ಳಿ. ಹಳೆಯ ಪ್ಲೇಯರ್‌ಗಳಿಗೆ ಡಿವಿಡಿ ಪ್ಲಸ್ ಆರ್‌ಗಿಂತ ಅದೇ ಹೆಚ್ಚು ಒಗ್ಗುತ್ತದೆ. ಪ್ಲಸ್ ಆರ್ ಮಾತ್ರ ಸಿಕ್ಕರೆ, ನಿಮ್ಮ ಬರ್ನರ್ ಒಪ್ಪುವುದಾದರೆ ಡಿಸ್ಕ್ ಬರೆಯುವ ಇಮ್ಗ್‌ಬರ್ನ್ ತಂತ್ರಾಂಶದಲ್ಲಿ ಬುಕ್‌ಟೈಪನ್ನು, ಅಂದರೆ ಡಿಸ್ಕ್ ತಾನು ಯಾವ ಬಗೆಯದೆಂದು ಹೇಳಿಕೊಳ್ಳುವ ಗುರುತನ್ನು, ಡಿವಿಡಿ-ರೋಮ್ (DVD-ROM) ಎಂದು ಬದಲಿಸಿ. ಪ್ಲೇಯರ್ ಅದನ್ನು ಅಂಗಡಿಯ ಡಿಸ್ಕ್ ಎಂದೇ ತಿಳಿಯುತ್ತದೆ. ಅಳಿಸಿ ಬರೆಯುವ ಆರ್‌ಡಬ್ಲ್ಯು ಡಿಸ್ಕ್ ಬೆಳಕನ್ನು ಬಹಳ ಕಡಿಮೆ ಮರಳಿಸುತ್ತದೆ, ಹಾಗಾಗಿ ಹಳೆಯ ಪ್ಲೇಯರ್‌ಗಳು "ನೋ ಡಿಸ್ಕ್" ಎಂದುಬಿಡುತ್ತವೆ. ಪ್ರಯೋಗಕ್ಕೆ ಸರಿ, ಕೊಡಲು ಅಲ್ಲ.

ವಿಂಡೋಸಿನಲ್ಲಿ ಇಮ್ಗ್‌ಬರ್ನ್, ಲಿನಕ್ಸಿನಲ್ಲಿ ಕೆ3ಬಿ. ಐಎಸ್ಒ ಕಡತ ತೋರಿಸಿ, ವೇಗ 8ಕ್ಕೆ ಇಳಿಸಿ, ವೆರಿಫೈ (ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದು) ಗುರುತು ಹಾಕಿ. 16ರಲ್ಲಿ ಬರೆದರೆ ಉಳಿಯುವುದು ಕೆಲವೇ ನಿಮಿಷ, ಹೆಚ್ಚುವುದು ತಪ್ಪುಗಳು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ. ಬ್ಯಾಟರಿ ಸರಿ ಇರುವ ಲ್ಯಾಪ್‌ಟಾಪಿನಲ್ಲೇ ಬರೆಯಿರಿ, ಬರೆಯುತ್ತಿರುವಾಗ ಕರೆಂಟು ಹೋದರೆ ಆ ಡಿಸ್ಕ್ ಕಸಕ್ಕೆ.

ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ತೂಕ ಒಂದು ಬದಿಗೆ ವಾಲಿ ಡಿಸ್ಕ್ ನಡುಗುತ್ತದೆ, ತೇವಕ್ಕೆ ಕಾಗದ ಎದ್ದು ಪ್ಲೇಯರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಮೆತ್ತನೆ ತುದಿಯ ಮಾರ್ಕರಿನಲ್ಲಿ ಪ್ರಸಂಗ, ಊರು, ದಿನಾಂಕ, ಎಷ್ಟನೇ ಡಿಸ್ಕ್ ಎಂದು ಬರೆಯಿರಿ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಮನೆಗಳಲ್ಲಿ ಆಷಾಢದ ಹೊತ್ತಿಗೆ ಚಪ್ಪಲಿಗೂ ಬೂಸಲು ಬರುತ್ತದೆ, ಡಿಸ್ಕಿಗೆ ಬಾರದೇ ಇರುತ್ತದೆಯೇ? ಕಾಗದದ ಲಕೋಟೆ ತೇವ ಹಿಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಬೂಸಲು ಬಂದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಒರೆಸಬಾರದು.

ಪೆನ್‌ಡ್ರೈವ್ ಹಾಕುವ ಪ್ಲೇಯರ್ ಆದರೆ

ಮುಂದೆ ಯುಎಸ್‌ಬಿ ತೂತು ಇದ್ದರೆ ಡಿಸ್ಕಿನ ರಗಳೆಯೇ ಬೇಡ ಎನಿಸುತ್ತದೆ. ಆದರೆ ಹೆಚ್ಚಿನ ಡಿವಿಡಿ ಪ್ಲೇಯರ್‌ಗಳು ಯುಎಸ್‌ಬಿಯಲ್ಲೂ ಎಚ್.264 ಕಡತ ಓಡಿಸುವುದಿಲ್ಲ. ಎವಿಐ ಕಡತದಲ್ಲಿ ಎಕ್ಸ್‌ವಿಡ್ ವಿಡಿಯೊ, ಎಂಪಿ3 ಧ್ವನಿ, ಅಳತೆ 720×576 ಮೀರದಂತೆ ಮಾಡಿ. ಎಕ್ಸ್‌ವಿಡ್‌ನ ಆಯ್ಕೆಗಳಲ್ಲಿ ಕ್ಯೂಪೆಲ್, ಜಿಎಂಸಿ ಎಂಬೆರಡನ್ನು ಆಫ್ ಮಾಡಿಬಿಡಿ, ಪ್ಲೇಯರಿನ ಚಿಪ್‌ಗೆ ಅವು ದಕ್ಕುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಆಗಿರಬೇಕು, ಆಗ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಕಡತಕ್ಕೆ ಕನ್ನಡದ ಹೆಸರಿಟ್ಟರೆ ಪರದೆಯ ಮೇಲೆ ಬರೀ ಡಬ್ಬಿಗಳು ಕಾಣುವುದರಿಂದ ಚಿಕ್ಕ ಇಂಗ್ಲಿಷ್ ಹೆಸರು ಅಥವಾ ಅಂಕಿ ಇಡಿ.

ಬ್ಲೂ-ರೇ ಪ್ಲೇಯರ್ ಇರುವ ಮನೆ ನಮ್ಮಲ್ಲಿ ಅಪರೂಪ. ಇದ್ದರೂ ಅದು ಡಿವಿಡಿಯನ್ನು ಚೆನ್ನಾಗಿಯೇ ಓಡಿಸುತ್ತದೆ.

ಫೋನ್ ಬಂದಾಗ ಕೇಳಬೇಕಾದ್ದು

ಮುಖಗಳೆಲ್ಲ ಉದ್ದುದ್ದ ಎಂದರೆ ಡಿಸ್ಕಿನದಲ್ಲ, ಪ್ಲೇಯರಿನ ಸೆಟಪ್‌ನಲ್ಲಿ ಟಿವಿ ಅನುಪಾತ ತಪ್ಪಿದೆ. ಅಗಲ ಟಿವಿಗೆ 16:9, ಡಬ್ಬಿ ಟಿವಿಗೆ 4:3 ಲೆಟರ್‌ಬಾಕ್ಸ್ ಆರಿಸಲು ಹೇಳಿ. ಚಿತ್ರ ಇದೆ, ಧ್ವನಿ ಇಲ್ಲ ಎಂದರೆ ಮೊದಲು ಕೆಂಪು-ಬಿಳಿ ವಯರ್ ನೋಡಿಸಿ; ಆಮೇಲೆ ಅದೇ ಸೆಟಪ್‌ನಲ್ಲಿ ಡಿಜಿಟಲ್ ಔಟ್ ಏನಿದೆ ಎಂದು. ಒಂದು ಮನೆಯಲ್ಲಿ ಓಡಿದ ಡಿಸ್ಕ್ ಇನ್ನೊಂದರಲ್ಲಿ ಓಡದಿದ್ದರೆ ಆ ಪ್ಲೇಯರಿಗೆ ಅಂಗಡಿಯಿಂದ ತಂದ ಒಂದು ಸಿನಿಮಾ ಡಿಸ್ಕ್ ಹಾಕಿ ನೋಡಲಿ. ಅದೂ ತಡವರಿಸಿದರೆ ಲೆನ್ಸ್ ಕೊಳೆಯಾಗಿದೆ. ಅದು ಓಡಿ ನಿಮ್ಮದು ಓಡದಿದ್ದರೆ ಬೇರೆ ಕಂಪನಿಯ ಡಿಸ್ಕಿಗೆ 4ರ ವೇಗದಲ್ಲಿ ಅದೇ ಐಎಸ್ಒ ಮತ್ತೆ ಬರೆದು ಕೊಡಿ. ಬಣ್ಣ ಹೋಗಿ ಕಪ್ಪು-ಬಿಳುಪು ಕಂಡರೆ ಅದು ಎನ್‌ಟಿಎಸ್‌ಸಿ ಡಿಸ್ಕೇ ಇರಬೇಕು. ಪ್ಲೇಯರಿನ ಟಿವಿ ಪದ್ಧತಿಯನ್ನು "ಪಾಲ್" ಎಂದು ಕಟ್ಟಿಹಾಕಿದರೆ ಅನೇಕ ಪ್ಲೇಯರ್‌ಗಳು ತಾವೇ ಪರಿವರ್ತಿಸಿ ಕೊಡುತ್ತವೆ.

ಪ್ರತಿಗಳ ವಿಷಯದಲ್ಲಿ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಚಿತ್ರೀಕರಣಕ್ಕೆ ಮೊದಲೇ ಮೇಳದ ಯಜಮಾನರನ್ನೂ ಆಟ ಆಡಿಸಿದ ಮನೆಯವರನ್ನೂ ಕೇಳಿಕೊಳ್ಳಿ, ಹಣಕ್ಕೆ ಮಾರುವ ಯೋಚನೆ ಇದ್ದರೆ ಬರವಣಿಗೆಯಲ್ಲೇ ಒಪ್ಪಿಗೆ ಪಡೆಯಿರಿ. ಕೊಟ್ಟ ಮೇಲೂ ಐಎಸ್ಒ ಮತ್ತು ಮೊಬೈಲಿನ ಮೂಲ ಕಡತ ಎರಡನ್ನೂ ಹಾರ್ಡ್‌ಡಿಸ್ಕಿನಲ್ಲಿ ಉಳಿಸಿಕೊಳ್ಳಿ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಮನೆಯಿಂದ ಇನ್ನೊಂದು ಪ್ರತಿ ಕೇಳಿ ಫೋನ್ ಬಂದೇ ಬರುತ್ತದೆ.